ಹೆಣ್ಣುಮಕ್ಕಳ ಸೈಕಲನ್ನು ಗುಜರಿಗೆ ಹಾಕಬೇಡಿ

ನಿಮ್ಮ ಮನೆಯ ಮೆಟ್ಟಿಲ ಕೆಳಗೆ, ನೀರಿನ ಡ್ರಮ್ಮಿನ ಹಿಂದೆ ಒಂದು ಸೈಕಲ್ ಇರಬಹುದು. ಟೈರಿನಲ್ಲಿ ಗಾಳಿಯಿಲ್ಲ, ಚೈನು ತುಕ್ಕು ಹಿಡಿದಿದೆ, ಹ್ಯಾಂಡಲಿನ ಮೇಲೆ ನೆಲ ಒರೆಸುವ ಬಟ್ಟೆ ಒಣಗುತ್ತಿದೆ. 2006-07ರಲ್ಲಿ ರಾಜ್ಯ ಸರಕಾರವು ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ಇಂಥ ಸೈಕಲ್‌ಗಳು ನಮ್ಮ ಮೊಹಲ್ಲಾಗಳಿಗೂ ಬಂದವು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಆದರೆ ಹುಡುಗಿಯರ ಸೈಕಲ್ ನಿಲ್ಲುವುದಕ್ಕೆ ಕೋವಿಡ್ ಬೇಕಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುತ್ತಿದ್ದಂತೆ ಅದು ತಮ್ಮನ ಪಾಲಾಗುತ್ತದೆ, ಇಲ್ಲವೇ ಗುಜರಿಯವನ ತಕ್ಕಡಿಗೆ ಹೋಗುತ್ತದೆ.

ನನ್ನದೂ ಹಾಗೆಯೇ ಹೋಯಿತು. ಅಬ್ಬಾ ಭದ್ರಾವತಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. 1923ರಿಂದ ಕಬ್ಬಿಣ ಕರಗಿಸಿದ ಊರು ಇದು. ಸೈರನ್ ಕೂಗಿದಾಗ ಗೇಟಿನಿಂದ ಸೈಕಲ್‌ಗಳ ಹೊಳೆಯೇ ಹರಿದು ಬರುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ನಿವೃತ್ತಿಯ ದಿನದವರೆಗೂ ಅಬ್ಬಾ ಸೈಕಲ್ ತುಳಿದರು. ಅದೇ ಅಬ್ಬಾ ನನ್ನ ಹತ್ತನೇ ತರಗತಿ ಮುಗಿದ ತಿಂಗಳೇ ನನ್ನ ಸೈಕಲನ್ನು ಮಾರಿದರು. ‘ಇನ್ನು ಸಾಕು ಬೇಟಿ’ ಎಂದರು, ಅಷ್ಟೆ. ಅವರಿಗೆ ಕೋಪವಿರಲಿಲ್ಲ. ನಾಲ್ಕು ಜನ ಏನೆಂದಾರು ಎಂಬ ಭಯವಿತ್ತು. ನಾನೂ ಎದುರು ಮಾತಾಡಲಿಲ್ಲ. ಮದುವೆ, ಮೂರು ಹೆರಿಗೆ, ಅಡುಗೆಮನೆ. ನಲವತ್ತೊಂದನೇ ವಯಸ್ಸಿನಲ್ಲಿ ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ ‘ಶುಗರ್ ಇದೆ’ ಎಂದರು. ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ 8.2 ಇತ್ತು. ಮೊಣಕಾಲು ನೋವು ಅದಾಗಲೇ ಇತ್ತು.

ಇದು ನನ್ನೊಬ್ಬಳ ಕಥೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ನಿಮ್ಮ ಮನೆಯ ಒಂದು ಶಾದಿಯ ದಸ್ತರ್‌ಖಾನನ್ನು ನೆನಪಿಸಿಕೊಳ್ಳಿ. ಬಿರಿಯಾನಿ ತಿಂದು ಎದ್ದು ಕೈಚೀಲದಿಂದ ಮಾತ್ರೆ ತೆಗೆಯುವ ಖಾಲಾ, ಫೂಫಿಯರು ಎಷ್ಟು ಮಂದಿ? ನಮ್ಮ ಗಂಡಸರ ಪಾಡೂ ಅಷ್ಟೇ. ಮಸೀದಿ ಇರುವುದು ಕೂಗಳತೆಯಲ್ಲಿ, ಹೋಗುವುದು ಸ್ಕೂಟರಿನಲ್ಲಿ. ಪಂಕ್ಚರ್ ಹಾಕುವವರು ಎಂದು ನಮ್ಮನ್ನು ಹೀಯಾಳಿಸುವವರಿದ್ದಾರೆ. ಪಂಕ್ಚರ್ ಹಾಕುವುದು ಹಲಾಲ್ ದುಡಿಮೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ಊರಿನ ಟ್ಯೂಬಿಗೆಲ್ಲ ತೇಪೆ ಹಚ್ಚುವ ನಾವು ನಮ್ಮ ಸೈಕಲನ್ನು ಮಾತ್ರ ತುಕ್ಕಿಗೆ ಬಿಟ್ಟಿದ್ದೇವಲ್ಲ, ನಾಚಬೇಕಾದದ್ದು ಅದಕ್ಕೆ.

ಸೈಕಲ್ಲೇ ಏಕೆ, ನಡೆದರೆ ಸಾಲದೇ ಎಂದು ನೀವು ಕೇಳಬಹುದು. ನಡೆಯಬಲ್ಲವರು ಖಂಡಿತ ನಡೆಯಿರಿ. ಆದರೆ ಭಾರದ ದೇಹ ಹೊತ್ತ ಮೊಣಕಾಲಿಗೆ ನಡಿಗೆಯೂ ಶಿಕ್ಷೆಯೇ. ಸೈಕಲ್ ಮೇಲೆ ದೇಹದ ಬಹುಪಾಲು ಭಾರವನ್ನು ಸೀಟು ಹೊರುತ್ತದೆ, ತೊಡೆಯ ದೊಡ್ಡ ಸ್ನಾಯುಗಳು ಕೆಲಸ ಮಾಡುತ್ತವೆ. ದುಡಿಯುವ ಸ್ನಾಯು ಇನ್ಸುಲಿನ್‌ಗಾಗಿ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮಲೆನಾಡಿನ ಅಂಚಿನ ರಸ್ತೆಗಳ ಸೊಗಸೇನೆಂದರೆ, ಸಣ್ಣ ಏರು ಬಂದಾಗ ಎದೆ ಬಡಿತ ಏರುತ್ತದೆ, ಇಳಿಜಾರಿನಲ್ಲಿ ಸುಧಾರಿಸಿಕೊಳ್ಳಬಹುದು. ದುಡ್ಡು ಕೊಟ್ಟು ಜಿಮ್ಮಿನಲ್ಲಿ ಮಾಡುವುದನ್ನು ರಸ್ತೆಯೇ ಮಾಡಿಸುತ್ತದೆ.

ಇಂಗ್ಲೆಂಡಿನಲ್ಲಿ ದಕ್ಷಿಣದ ಗುಡ್ಡಗಳ ಮೇಲೆ ‘ಸೌತ್ ಡೌನ್ಸ್ ವೇ’ ಎಂಬ ಸುಮಾರು 160 ಕಿ.ಮೀ. ದಾರಿಯಿದೆ. ಕುದುರೆ ಸವಾರರಿಗೆಂದು ಇದ್ದ ಹಳೆಯ ದಾರಿಗಳಲ್ಲಿ ಸೈಕಲ್ಲಿಗೂ ಹಕ್ಕಿದೆಯೆಂದು ಅಲ್ಲಿ 1968ರಲ್ಲೇ ಕಾನೂನು ಮಾಡಿದರು. ಕುರಿ ಮೇಯುವ ದಿಣ್ಣೆಗಳ ನಡುವೆ ಜನ ಮನೆಮಂದಿಯೊಂದಿಗೆ ಸೈಕಲ್ ತುಳಿಯುತ್ತಾರೆ. ನಮಗೆ ಕುರಿಯ ದಿಣ್ಣೆಯ ಬದಲು ಗದ್ದೆ, ಅಡಿಕೆ ತೋಟ, ಭದ್ರಾ ನಾಲೆಯ ಏರಿ ಇವೆ. ನಾಲೆಯ ಪಕ್ಕದ ಮಣ್ಣಿನ ದಾರಿಯಲ್ಲಿ ಕೆಲವು ಕಡೆಯಾದರೂ ತಡೆಬೇಲಿ ಹಾಕಿ ಸೈಕಲ್ ದಾರಿಯೆಂದು ಗುರುತಿಸಬೇಕು ಎಂಬುದು ನನ್ನ ಅಭಿಪ್ರಾಯ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತಲ್ಲ, ಕೇಳುವವರಿದ್ದರೆ ಇಲ್ಲಿಯೂ ಆದೀತು.

ಅದಾಗುವ ತನಕ ಈಗಿರುವ ದಾರಿಗಳು ಸಾಕು. ಶಿವಮೊಗ್ಗದವರು ಭಾನುವಾರ ಫಜ್ರ್ ನಮಾಝ್ ಮುಗಿಸಿ ಹೊರಟರೆ ತುಂಗಾ ಅಣೆಕಟ್ಟಿನ ಗಾಜನೂರು ಸುಮಾರು 12 ಕಿ.ಮೀ. ಇನ್ನೂ ಸ್ವಲ್ಪ ಮುಂದೆ ಹೋದರೆ ಸಕ್ರೆಬೈಲಿನ ಆನೆ ಬಿಡಾರ. ಮಕ್ಕಳಿಗೆ ಇದಕ್ಕಿಂತ ಆಸೆ ಹುಟ್ಟಿಸುವ ದಾರಿಯಿಲ್ಲ. ಆದರೆ ತೀರ್ಥಹಳ್ಳಿ ಬಸ್ಸುಗಳ ರಭಸ ನಿಮಗೆ ಗೊತ್ತಿದೆ. ಎಂಟು ಗಂಟೆಯ ನಂತರ ಮಕ್ಕಳೊಂದಿಗೆ ಆ ರಸ್ತೆ ಬೇಡ. ಹೊಳೆಹೊನ್ನೂರು ರಸ್ತೆ ಹಿಡಿದು ತುಂಗೆ, ಭದ್ರೆ ಸೇರುವ ಕೂಡಲಿಗೆ ಹೋಗುವುದು ನನಗೆ ಹೆಚ್ಚು ಇಷ್ಟ, ಏರು ಕಡಿಮೆ. ಭದ್ರಾವತಿಯವರಿಗೆ ಬಿ.ಆರ್.ಪಿ., ಶಂಕರಘಟ್ಟದ ಕಡೆಯ ರಸ್ತೆಯಿದೆ. ಅಲ್ಲಿ ಏರಿಳಿತವೂ ಇದೆ, ಮರದ ನೆರಳೂ ಇದೆ. ಭದ್ರಾವತಿ-ಶಿವಮೊಗ್ಗ ಹೆದ್ದಾರಿಯನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಮೊದಲ ತಿಂಗಳು ಇದಾವುದೂ ಬೇಡ. ಮೊಹಲ್ಲಾದೊಳಗೆ ಇಪ್ಪತ್ತು ನಿಮಿಷ ತುಳಿಯಿರಿ, ಅಷ್ಟು ಸಾಕು. ತುಳಿಯುವಾಗ ಮಾತಾಡಲು ಆಗಬೇಕು. ಆಗದಿದ್ದರೆ ನಿಧಾನಿಸಿ.

ಎರಡು ಅಪಾಯಗಳನ್ನು ಮುಚ್ಚಿಡಬಾರದು. ಒಂದು, ನಾಲೆ. ನೀರು ಬಿಟ್ಟಾಗ ಅದು ಮೇಲೆ ಶಾಂತವಾಗಿ ಕಾಣುತ್ತದೆ, ಒಳಗೆ ಸೆಳೆತ ಜೋರಿರುತ್ತದೆ. ಕಾಂಕ್ರೀಟಿನ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ವುಝೂ ಮಾಡಲೆಂದು ಕೂಡ ನಾಲೆಗೆ ಇಳಿಯಬೇಡಿ. ಬಾಟಲಿಯಲ್ಲಿ ನೀರು ಒಯ್ಯಿರಿ, ಸ್ವಲ್ಪ ನೀರಿನಲ್ಲೇ ವುಝೂ ಮಾಡುವುದು ಸುನ್ನತ್ ಕೂಡ ಹೌದು. ಮಕ್ಕಳನ್ನು ಏರಿಯ ಮೇಲೆ ತಾವಾಗಿಯೇ ಹೋಗಲು ಬಿಡಲೇಬೇಡಿ.

ಇನ್ನೊಂದು, ಉಣುಗು. ಮಂಗನ ಕಾಯಿಲೆ ಜಗತ್ತಿಗೆ ಗೊತ್ತಾದದ್ದೇ ನಮ್ಮ ಜಿಲ್ಲೆಯಿಂದ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಏನೆಲ್ಲ ಅನುಭವಿಸಿತು ಎಂದು ನೀವು ಬಲ್ಲಿರಿ. ದಪ್ಪ ಟೈರಿನ ಗೇರ್ ಸೈಕಲ್ ಕೊಂಡ ಹುಡುಗರಿಗೆ ಕಾಡಿನ ಕಾಲುದಾರಿಯ ಹುಚ್ಚು ಹಿಡಿಯುತ್ತದೆ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು ಅಪರಾಧ, ಅದು ಬೇರೆ ಮಾತು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಂಚಿನ ತರಗೆಲೆಯ ಮೇಲೆ ಕೂರುವುದೂ ಬೇಡ. ಕಾಲು ಮುಚ್ಚುವ ಬಟ್ಟೆ ತೊಡಿ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಕಿವಿಯ ಹಿಂದೆ, ಕಂಕುಳಲ್ಲಿ, ಸೊಂಟದ ಸುತ್ತ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಂಚಿಗೆ ಹೋಗಿ ಬಂದ ಮೇಲೆ ಜೋರು ಜ್ವರ, ಮೈಕೈ ನೋವು ಬಂದರೆ ಹೋಗಿದ್ದ ಜಾಗವನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಇನ್ನು ಶುಗರ್ ಇರುವವರು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಕೆಲವು ಬಗೆಯ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ತುಳಿದರೆ ಸಕ್ಕರೆ ಒಮ್ಮೆಲೇ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಜೇಬಿನಲ್ಲಿ ನಾಲ್ಕು ಖರ್ಜೂರ, ಒಂದು ಪೊಟ್ಟಣ ಗ್ಲೂಕೋಸ್ ಇರಲಿ. ಹೊರಡುವ ಮೊದಲು ಡಾಕ್ಟರಲ್ಲಿ ಕೇಳಿ. ಹೃದಯದ ತೊಂದರೆ ಅಥವಾ ಕಣ್ಣಿನೊಳಗೆ ರಕ್ತಸ್ರಾವ ಇದ್ದವರಿಗಂತೂ ಇದು ಕಡ್ಡಾಯ. ಬಂದ ಮೇಲೆ ಅಂಗಾಲು ನೋಡಿಕೊಳ್ಳಿ. ರಮಝಾನಿನಲ್ಲಿ ಉಪವಾಸದ ಹೊತ್ತಿನಲ್ಲಿ ದೂರದ ಸವಾರಿ ಬೇಡ.

ಈಗ ಎಲ್ಲರ ಮನಸ್ಸಿನಲ್ಲಿರುವ ಮಾತಿಗೆ ಬರೋಣ. ಹೆಣ್ಣುಮಕ್ಕಳು ಸೈಕಲ್ ತುಳಿದರೆ ಮುಂದೆ ಮದುವೆಯಲ್ಲಿ ಸಂಶಯ ಬರುತ್ತದೆ, ಗರ್ಭ ನಿಲ್ಲುವುದಿಲ್ಲ ಎಂದು ಪಿಸುಗುಟ್ಟುವ ಹೆಂಗಸರಿದ್ದಾರೆ. ಗರ್ಭಕ್ಕೂ ಸೈಕಲ್ಲಿಗೂ ಅಂಥ ಸಂಬಂಧವೇ ಇಲ್ಲ. ದೇಹದ ಆ ಪೊರೆ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತದೆ, ಅದನ್ನು ನೋಡಿ ಯಾರ ಚಾರಿತ್ರ್ಯವನ್ನೂ ಅಳೆಯಲಾಗದು. ವೈದ್ಯಶಾಸ್ತ್ರ ಇದನ್ನು ಸ್ಪಷ್ಟವಾಗಿ ಹೇಳಿದೆ. ಪರದೆಯ ಪ್ರಶ್ನೆಗೆ ಉತ್ತರ ಇನ್ನೂ ಸುಲಭ. ಅಡ್ಡಕಂಬಿಯಿಲ್ಲದ ಲೇಡೀಸ್ ಸೈಕಲ್, ಚೈನಿಗೆ ಪೂರ್ತಿ ಕವರ್, ಅಗಲವಾದ ಶಲ್ವಾರಿನ ಮೇಲೆ ಮೊಣಕಾಲಿನ ಕೆಳಗೆ ಬರುವ ಸಡಿಲ ಉಡುಪು, ದುಪಟ್ಟಾ ಪಿನ್ ಹಾಕಿ ಒಳಗೆ ಸೇರಿಸಿದ್ದು. ನೆಲ ಗುಡಿಸುವ ಬುರ್ಖಾ ಚೈನಿಗೆ ಸಿಕ್ಕಿ ನಾನೇ ಒಮ್ಮೆ ಬಿದ್ದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಹೆಲ್ಮೆಟ್ಟನ್ನು ಸ್ಕಾರ್ಫಿನ ಮೇಲೆಯೇ ಬಿಗಿಯಬಹುದು. ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಹೂಡಿದ್ದನ್ನೂ, ಒಮ್ಮೆ ಅವರು ಗೆದ್ದುದನ್ನೂ ನಾವು ಮಕ್ಕಳಿಗೆ ಪ್ರೀತಿಯಿಂದ ಹೇಳುತ್ತೇವೆ. ಹೇಳಿ ಮುಗಿಸಿ ಮಗಳ ಸೈಕಲ್ಲಿಗೆ ಬೀಗ ಹಾಕುತ್ತೇವೆ.

ಚುಡಾಯಿಸುವವರ ಭಯ ನಿಜ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಮದ್ದು ಜೊತೆ. ನಮ್ಮ ಬೀದಿಯಲ್ಲಿ ನಾನು, ನನ್ನ ಮಗಳು, ಪಕ್ಕದ ಮನೆಯ ಆಪಾ, ಅವರ ಇಬ್ಬರು ಸೊಸೆಯರು ಭಾನುವಾರ ಬೆಳಿಗ್ಗೆ ಐದು ಸೈಕಲ್ ತೆಗೆಯುತ್ತೇವೆ. ಹಿಂದಿನಿಂದ ಆಪಾರ ಮಗ ಬರುತ್ತಾನೆ, ಮೊದಮೊದಲು ಮುಖ ಗಂಟಿಕ್ಕಿಕೊಂಡು ಬರುತ್ತಿದ್ದ. ಒಂದೂವರೆ ವರ್ಷವಾಯಿತು. ನನ್ನ ಎಚ್‌ಬಿಎ1ಸಿ 7.1ಕ್ಕೆ ಬಂದಿದೆ. ಮಾತ್ರೆ ಬಿಟ್ಟಿಲ್ಲ, ಅನ್ನವನ್ನೂ ಕಡಿಮೆ ಮಾಡಿದ್ದೇನೆ. ಸೈಕಲ್ಲೊಂದೇ ಇಳಿಸಿತು ಎಂದರೆ ಸುಳ್ಳಾಗುತ್ತದೆ.

ಹೊಸ ಸೈಕಲ್ ಬೇಕಿಲ್ಲ. ಮುಂದೆ ಸ್ಪ್ರಿಂಗ್ ಇರುವ ಅಗ್ಗದ ‘ಮೌಂಟನ್ ಬೈಕ್’ ನೋಡಲು ಮಾತ್ರ ಚೆಂದ, ತೂಕ ಜಾಸ್ತಿ. ಮೆಟ್ಟಿಲ ಕೆಳಗಿರುವುದನ್ನೇ ಹೊರಗೆಳೆಯಿರಿ. ಎರಡು ಟ್ಯೂಬು, ಬ್ರೇಕಿನ ರಬ್ಬರು, ಚೈನಿಗೆ ಎಣ್ಣೆ, ಹಿಂದೆ ಒಂದು ಕೆಂಪು ದೀಪ. ಸೀಟಿನ ಎತ್ತರವನ್ನು ಮಾತ್ರ ನೀವೇ ಕುಳಿತು ನೋಡಿ ಸರಿಮಾಡಿಸಿ: ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಕಳೆದ ತಿಂಗಳು ಅಬ್ಬಾ ನಮ್ಮ ಮನೆಗೆ ಬಂದಿದ್ದಾಗ ಮೊಮ್ಮಗಳ ಸೈಕಲ್ ನೋಡಿ, ಏನೂ ಹೇಳದೆ, ಸ್ಪ್ಯಾನರ್ ಕೇಳಿದರು. ಸೀಟನ್ನು ಎರಡು ಬೆರಳಷ್ಟು ಮೇಲೆ ಏರಿಸಿ ಕೊಟ್ಟರು.