ಕೂಗಿ ಕರೆಯುವ ವಿದ್ಯೆ

ಅಮೆರಿಕದ ಬೇಟೆಗಾರರಲ್ಲಿ ವಿಚಿತ್ರವಾದೊಂದು ವಿದ್ಯಾಭ್ಯಾಸವುಂಟು. ವಸಂತಕಾಲದಲ್ಲಿ ಟರ್ಕಿ ಕೋಳಿಯ ಹುಂಜವನ್ನು ಹೊಡೆಯಬೇಕೆಂಬ ಹೊಸಬನು ಬಂದೂಕಿನ ಜೊತೆಗೆ ಹೇಂಟೆಯ ದನಿಯನ್ನೂ ಕಲಿಯಬೇಕು. ಮರದ ಪೆಟ್ಟಿಗೆಯ ಅಂಚಿಗೆ ಮುಚ್ಚಳವನ್ನುಜ್ಜಿ, ಕಲ್ಲುಹಲಗೆಯ ಮೇಲೆ ಕಡ್ಡಿಯೆಳೆದು, ಬಾಯೊಳಗೆ ತೆಳುವಾದ ಪೊರೆಯನ್ನಿಟ್ಟುಕೊಂಡು ಅವನು ಸಾಧನೆ ಮಾಡುತ್ತಾನೆ. ಅವನ ಮನೆಯವರ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು!

ಈ ವಿದ್ಯೆ ನಮಗೇನೂ ಹೊಸದಲ್ಲ. ಪಳಗಿದ ಮೃಗವನ್ನು ಮುಂದಿಟ್ಟು ಕಾಡಿನ ಮೃಗವನ್ನು ಸೆಳೆಯುವ ಕ್ರಮವನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಅಂಥ ಮೃಗಕ್ಕೆ ಹಳಗನ್ನಡದಲ್ಲಿ ‘ದೀವ’ವೆಂದು ಹೆಸರು. ಪಂಜರದ ಗೌಜಲಹಕ್ಕಿಯನ್ನು ಹೊಲದಂಚಿನಲ್ಲಿಟ್ಟರೆ, ಅದರ ಕೂಗನ್ನು ಕೇಳಿ ಆ ಎಡೆಯ ಗಂಡುಹಕ್ಕಿ ಕಾಳಗಕ್ಕೆಂದು ಓಡಿಬಂದು ಬಲೆಗೆ ಬೀಳುತ್ತಿತ್ತು. ಟರ್ಕಿಯ ಹುಂಜ ಒಲವಿನಿಂದ ಕೆಟ್ಟರೆ, ಗೌಜಲಹಕ್ಕಿ ಅಭಿಮಾನದಿಂದ ಕೆಟ್ಟಿತು. ಹುಲಿಯೂ ಇದಕ್ಕೆ ಹೊರತಲ್ಲ. 1938ರಲ್ಲಿ ಕುಮಾವೋನಿನ ಠಾಕ್ ಎಂಬಲ್ಲಿ ಜಿಮ್ ಕಾರ್ಬೆಟ್ಟರು ಗಂಡುಹುಲಿಯಂತೆ ಕೂಗಿಯೇ ನರಭಕ್ಷಕಿಯನ್ನು ಬಳಿಗೆ ಕರೆದರು.

ನಮ್ಮ ಶಿವಮೊಗ್ಗದ ಆಸುಪಾಸಿನಲ್ಲಿ ನೆಲೆನಿಂತಿರುವ ಹಕ್ಕಿಪಿಕ್ಕಿ ಜನರಿಗಾದರೋ ಇದು ವಿನೋದವಲ್ಲ, ಹೊಟ್ಟೆಪಾಡಾಗಿತ್ತು. ಮನೆಯಲ್ಲಿ ವಾಗ್ರಿ ಮಾತನಾಡುವ ಆ ಜನರ ಹೆಸರಿನಲ್ಲಿಯೇ ಹಕ್ಕಿಯಿದೆ. ಹಕ್ಕಿಯ ದನಿಯನ್ನು ಅನುಕರಿಸುವ ಅವರ ಜಾಣ್ಮೆಗೆ ಪುಸ್ತಕವಿರಲಿಲ್ಲ; ಅದು ಹಿರಿಯರ ತುಟಿಯಿಂದ ಕಿರಿಯರ ಕಿವಿಗೆ ಇಳಿದುಬಂದದ್ದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು, ಕುಲಕಸುಬು ಅಪರಾಧವಾಯಿತು. ಬಲೆ ಹಿಡಿದ ಕೈಗಳು ಮಣಿಸರ, ಗಿಡಮೂಲಿಕೆ, ತಲೆಗೆಣ್ಣೆಗಳ ವ್ಯಾಪಾರವನ್ನು ಹಿಡಿದು ಆಫ್ರಿಕದವರೆಗೂ ಹೋದವು. ಕಾಯಿದೆ ಬೇಕಾಗಿತ್ತು, ಅದರಲ್ಲಿ ಸಂದೇಹವಿಲ್ಲ. ಆದರೆ ಹಕ್ಕಿಯನ್ನು ಉಳಿಸುವಾಗ ಹಕ್ಕಿಯನ್ನು ಬಲ್ಲ ಕಿವಿಯನ್ನು ನಾವು ಕಳೆದುಕೊಳ್ಳಬೇಕೆ?

ಆಲ್ಕೊಳದಿಂದ ಸಾಗರದ ರಸ್ತೆ ಹಿಡಿದು ತ್ಯಾವರೆಕೊಪ್ಪದ ಕಡೆಗೆ ಹೊರಡುವ ತರುಣರ ಕೊರಳಲ್ಲಿ ಇಂದು ದುರ್ಬೀನಿದೆ, ಜೇಬಿನಲ್ಲಿ ಮೊಬೈಲಿದೆ. ಗುಂಡಿಯೊತ್ತಿದರೆ ಬೇಕಾದ ಹಕ್ಕಿ ಕೂಗುತ್ತದೆ. ಇದೂ ಒಂದು ದೀವವೇ. ಗೂಡು ಕಟ್ಟುವ ಕಾಲದಲ್ಲಿ ಇಂಥ ಸುಳ್ಳುಕೂಗನ್ನು ಕೇಳಿದ ಗಂಡುಹಕ್ಕಿ, ಮರಿಗೆ ಗುಟುಕು ಕೊಡುವುದನ್ನು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತ ಅಲೆಯುತ್ತದೆ. ಚಿತ್ರ ತೆಗೆದವರು ಮನೆಗೆ ಹೋಗುತ್ತಾರೆ. ಹಸಿದ ಮರಿಗಳು ಗೂಡಿನಲ್ಲಿಯೇ ಇರುತ್ತವೆ.

ಕೂಗುವವನು ಮೊದಲು ಕಲಿಯಬೇಕಾದದ್ದು ಕೇಳುವುದನ್ನು. ಯಾವ ಹೊತ್ತಿನಲ್ಲಿ ಯಾವ ಪೊದೆಯಿಂದ ಕಾಡುಕೋಳಿ ಕೂಗಿತು, ಎಷ್ಟು ಬಾರಿ ಕೂಗಿ ಸುಮ್ಮನಾಯಿತು, ಯಾವ ದನಿ ಕರೆ, ಯಾವುದು ಎಚ್ಚರಿಕೆ ಎಂಬುದನ್ನು ಅರಿಯಲು ಅಲುಗಾಡದೆ ಕುಳಿತುಕೊಳ್ಳುವ ತಾಳ್ಮೆ ಬೇಕು. ಈ ಪಾಠಕ್ಕೆ ಬಿಡಾರದ ಹಿರಿಯರಿಗಿಂತ ಉತ್ತಮ ಗುರುಗಳು ಯಾರಿದ್ದಾರೆ? ನಮ್ಮ ಶಾಲೆ ಕಾಲೇಜುಗಳು ಅವರನ್ನು ಗೌರವಧನವಿತ್ತು ಕರೆಯಲಿ. ಮಕ್ಕಳು ಅವರ ಹಿಂದೆ ಒಂದು ಬೆಳಗಿನ ಹೊತ್ತು ಕಾಡಂಚಿನಲ್ಲಿ ನಡೆಯಲಿ. ಆ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.