ಮನೆಗೆ ಕಳಿಸುವ ಮೊದಲು
ಟೈಪ್-1 ಮಧುಮೇಹವಿರುವ ಮಗು ಶಾಲೆಯಲ್ಲಿ ವಾಂತಿ ಮಾಡಿಕೊಂಡರೆ, ಹೊಟ್ಟೆ ಕೆಟ್ಟಿದೆಯೆಂದು ಮನೆಗೆ ಕಳಿಸುವ ಮೊದಲು ಮೂತ್ರದಲ್ಲಿ ಕೀಟೋನ್ ಇದೆಯೇ ಎಂದು ನೋಡಲೇಬೇಕು. ಇನ್ಸುಲಿನ್ ಸಾಲದಿದ್ದಾಗ ದೇಹ ಕೊಬ್ಬನ್ನು ಉರಿಸುತ್ತದೆ. ಆಗ ಹುಟ್ಟುವ ಕೀಟೋನ್ ಹೆಚ್ಚಾದರೆ ರಕ್ತ ಆಮ್ಲೀಯವಾಗಿ ಜೀವಕ್ಕೇ ಕುತ್ತು. ರಕ್ತದ ಸಕ್ಕರೆ 250 ಮಿ.ಗ್ರಾಂ/ಡೆಸಿಲೀಟರ್ ದಾಟಿದಾಗಲೂ ಈ ಪರೀಕ್ಷೆ ಬೇಕು. ಕೆಲಸ ಸಣ್ಣದು: ಕೀಟೋನ್ ಪರೀಕ್ಷಾ ಪಟ್ಟಿಯ ತುದಿಯನ್ನು ಮೂತ್ರದಲ್ಲಿ ಅದ್ದಿ, ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡು ಕಾದು, ಬಣ್ಣ ಹೋಲಿಸುವುದು. ಕಡುನೇರಳೆಗೆ ತಿರುಗಿದರೆ ಆಟದ ಪಿರಿಯಡ್ ಬೇಡ. ಪೋಷಕರಿಗೆ ಫೋನ್ ಮಾಡಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವಿಜಯಪುರ ನಗರದಲ್ಲಾದರೆ ಜಿಲ್ಲಾಸ್ಪತ್ರೆಯೋ ಬಿಎಲ್‌ಡಿಇ ಆಸ್ಪತ್ರೆಯೋ ಕೈಗೆಟುಕುತ್ತದೆ. ತಿಕೋಟಾ, ಬಬಲೇಶ್ವರ ಸೀಮೆಯ ಹಳ್ಳಿಗಳಲ್ಲಿ ಬಸ್ಸಿಗೆ ಕಾಯುವ ಹೊತ್ತೇ ಅಪಾಯದ ಹೊತ್ತು. ಪಟ್ಟಿ ಮೊದಲು ಬೇಕಾದದ್ದು ಅಲ್ಲಿಯ ಶಾಲೆಗಳಿಗೆ. ನಮ್ಮ ಬ್ಯಾಸಗಿ 40 ಡಿಗ್ರಿ ಮುಟ್ಟುತ್ತದೆ; ಮುಚ್ಚಳ ಸಡಿಲಾಗಿ ಕಿಟಕಿಯಲ್ಲಿ ಕೂತ ಡಬ್ಬಿಯ ಪಟ್ಟಿಯನ್ನು ನಂಬುವಂತಿಲ್ಲ. ತೆರೆದ ದಿನಾಂಕವನ್ನು ಡಬ್ಬಿಯ ಮೇಲೆಯೇ ಬರೆದಿಡಿ. ತರಗತಿಯಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು ಈ ಮಕ್ಕಳಿಗೆ ಅವಕಾಶ ಕೊಡಿ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲೇ ರಾಜ್ಯಗಳಿಗೆ ಬರೆದಿದೆ. ಕೀಟೋನ್ ಪರೀಕ್ಷೆಗೆ ಇನ್ನೂ ಒಂದು ಬೇಕು: ನೀರಿರುವ, ಒಳಚಿಲಕ ಬೀಳುವ ಶೌಚಾಲಯ. ಹುಡುಗಿಯರಿಗಂತೂ ಅದಿಲ್ಲದೆ ಪಟ್ಟಿ ಕೊಟ್ಟೂ ಪ್ರಯೋಜನವಿಲ್ಲ.