ತೆರೆಯ ಹಿಂದೆ: ಕಟ್ ಎಲ್ಲಿದೆ, ಹೇಳ್ರೀ!

ಈ ವಾರ ನಾನು ವಿಮರ್ಶೆಗೆ ಎತ್ತಿಕೊಂಡಿರೋ ಚಿತ್ರ ಯಾವ ಟಾಕೀಸಿನಲ್ಲೂ ಬಿಡುಗಡೆಯಾಗಿಲ್ಲ. ಟಿಕೆಟ್ ಇಲ್ಲ, ಇಂಟರ್‌ವಲ್ ಇಲ್ಲ, ಸೆನ್ಸಾರ್ ಸರ್ಟಿಫಿಕೇಟಂತೂ ಇಲ್ಲವೇ ಇಲ್ಲ. ಓಡೋ ಕಾಲ ಅರ್ಧ ಗಂಟೆ. ಮನೆಯವರೆಲ್ಲ ಮಲಗಿದ ಮೇಲೆ, ನಡುರಾತ್ರಿ ಟಿ.ವಿ.ಯಲ್ಲಿ ಶುರುವಾಗುತ್ತೆ. ಇಂಗ್ಲಿಷಿನವರು 'ಇನ್ಫೋಮರ್ಷಿಯಲ್' ಅಂತಾರೆ. ಅಂದರೆ ಕಾರ್ಯಕ್ರಮದ ವೇಷ ಹಾಕಿಕೊಂಡ ಜಾಹೀರಾತು. ನಮ್ಮಲ್ಲಿ ಟೆಲಿಶಾಪಿಂಗ್ ಅಂದ್ರೆ ಎಲ್ಲರಿಗೂ ಗೊತ್ತು.

ನಗಬೇಡಿ ಸ್ವಾಮಿ! ನಿಮ್ಮ ನೆಚ್ಚಿನ ನಿರ್ದೇಶಕ ಮೂರು ಗಂಟೆ ಹೆಣಗಾಡಿ ನಿಮ್ಮ ಕಣ್ಣಲ್ಲಿ ನೀರು ತರಿಸಬಹುದು. ಈತ ಅರ್ಧ ಗಂಟೆಯಲ್ಲಿ ನಿಮ್ಮ ಜೇಬಿನಿಂದ ಸಾವಿರಾರು ರೂಪಾಯಿ ತೆಗೆಸುತ್ತಾನೆ. ದೊಡ್ಡ ನಿರ್ದೇಶಕ ಯಾರು, ನೀವೇ ಹೇಳಿ.

ಈ ಚಿತ್ರದ ತವರು ಅಮೆರಿಕ. ಅಲ್ಲಿ ಗಂಟೆಗೆ ಇಷ್ಟೇ ನಿಮಿಷ ಜಾಹೀರಾತು ಅನ್ನೋ ಮಿತಿ ಇತ್ತು. 1984ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಆ ಮಿತಿಯನ್ನು ತೆಗೆದುಹಾಕಿತು. ಅಲ್ಲಿಂದ ಅರ್ಧ ಗಂಟೆ ಪೂರ್ತಿ ಸರಕು ಮಾರೋದಕ್ಕೆ ದಾರಿಯಾಯಿತು. ಆದರೆ ಕಲೆ ಮಾತ್ರ ಅದಕ್ಕಿಂತ ಹಳೇದು. ಈ ರಂಗದ ಸೂಪರ್‌ಸ್ಟಾರ್ ರಾನ್ ಪೋಪೀಲ್ (1935-2021) ಪಳಗಿದ್ದು ಚಿಕಾಗೋ ನಗರದ ಮ್ಯಾಕ್ಸ್‌ವೆಲ್ ಬೀದಿಯ ಸಂತೆಯಲ್ಲಿ. ಅಪ್ಪ ತಯಾರಿಸಿದ ಅಡುಗೆ ಸಾಮಾನನ್ನು ಮಗ ಬೀದಿಯಲ್ಲಿ ನಿಂತು ಕೂಗಿ ಮಾರುತ್ತಿದ್ದ. ನಮ್ಮ ಜಾತ್ರೆಯಲ್ಲಿ ಗೋಣಿಚೀಲ ಹಾಸಿ, ಮೂಲಂಗಿ ಕ್ಯಾರೆಟ್ ಹೆರೆದು ತೋರಿಸುತ್ತಾ ಜನ ಸೇರಿಸ್ತಾನಲ್ಲ, ಅದೇ ಕಸುಬು! ಪೋಪೀಲ್ ಅದನ್ನು ಕ್ಯಾಮೆರಾ ಮುಂದೆ ತಂದು ನಿಲ್ಲಿಸಿದ, ಅಷ್ಟೆ.

ಈಗ ಚಿತ್ರಕಥೆ ಬಿಚ್ಚೋಣ.

ಮೊದಲ ರೀಲು ಕಪ್ಪು-ಬಿಳುಪು. ಒಬ್ಬ ಹೆಂಗಸು ಈರುಳ್ಳಿ ಹೆಚ್ಚೋಕೆ ಹೋಗಿ ಬೆರಳು ಕೊಯ್ದುಕೊಳ್ಳುತ್ತಾಳೆ. ಒಬ್ಬ ಗಂಡಸು ಕನ್ನಡಿ ಮುಂದೆ ನಿಂತು ತಲೆ ಸವರಿಕೊಂಡು ನಿಟ್ಟುಸಿರು ಬಿಡ್ತಾನೆ. ಲೋಕದಲ್ಲಿ ಯಾರೂ ಅಷ್ಟು ಕೈಲಾಗದವರಿರಲ್ಲ. ಆದರೂ ನೋಡ್ತಾ ನೋಡ್ತಾ 'ಅಯ್ಯೋ, ನನ್ನ ಗತಿಯೂ ಇದೇ ಅಲ್ವಾ' ಅನ್ನಿಸುತ್ತೆ. ವಿಲನ್ ಯಾರು? ನಿಮ್ಮಲ್ಲಿರೋ ಕೊರತೆ! ಇಲ್ಲದಿದ್ದರೆ ಮೊದಲು ಅದನ್ನು ಹುಟ್ಟಿಸಬೇಕು. ಆಮೇಲೇ ಹೀರೋಗೆ ಕೆಲಸ.

ಎರಡನೇ ರೀಲು ಬಣ್ಣದ್ದು. ಹೀರೋ ಎಂಟ್ರಿ! ಹೀರೋ ಅಂದ್ರೆ ಮಾತಾಡುವವನಲ್ಲ, ಮೇಜಿನ ಮೇಲಿರೋ ಸರಕು. ಪೋಪೀಲ್ 1998ರಲ್ಲಿ ಕೋಳಿ ಸುಡುವ ಒಂದು ಒಲೆ ತಂದ. ಮುಂದೆ ಗಾಜಿನ ಬಾಗಿಲು, ಒಳಗೆ ಕೋಳಿ ತಿರುಗುತ್ತಾ ಕೆಂಪಗಾಗೋದು ಎಲ್ಲರಿಗೂ ಕಾಣಬೇಕು. ಒಲೆಗೂ ಕ್ಲೋಸಪ್ ಕೊಟ್ಟ ಪುಣ್ಯಾತ್ಮ! ಬೆಲೆ ಹೇಳುವಾಗ ದೊಡ್ಡ ದೊಡ್ಡ ಮೊತ್ತ ತೋರಿಸಿ, ಹೊಡೆದುಹಾಕಿ, ಕೊನೆಗೆ '39.95 ಡಾಲರಿನ ನಾಲ್ಕೇ ಕಂತು' ಎಂದ. ಕೂಡಿ ನೋಡಿ, 159 ಡಾಲರ್ 80 ಸೆಂಟ್. ನೂರಾ ಅರವತ್ತು ಅಂದ್ರೆ ಎದೆ ಝಲ್ಲೆನ್ನುತ್ತೆ. 'ಮೂವತ್ತೊಂಬತ್ತು ಚಿಲ್ಲರೆ' ಅಂದ್ರೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತೆ.

ಮೂರನೇ ರೀಲು: 'ತಾಳಿ, ಇನ್ನೂ ಇದೆ!' ಇದಕ್ಕೆ ಹೆಸರಾದದ್ದು 1978ರ ಹೊತ್ತಿಗೆ ಬಂದ 'ಗಿನ್ಸು' ಚಾಕು. ಮೊದಲು ತಗಡಿನ ಡಬ್ಬ ಕೊಯ್ದು, ಅದೇ ಚಾಕುವಿನಿಂದ ಟೊಮ್ಯಾಟೊ ತೆಳ್ಳಗೆ ಹೆಚ್ಚಿ ತೋರಿಸಿದರು. 'ಎಷ್ಟು ಕೊಡ್ತೀರಿ? ಈಗಲೇ ಹೇಳಬೇಡಿ' ಅಂದರು. ಒಂದರ ಮೇಲೊಂದು ಚಾಕು ಸೇರಿಸುತ್ತಾ ಹೋದರು. ಹೆಸರು ಕೇಳಿದರೆ ಜಪಾನಿನ ಸಮುರಾಯ್ ಕತ್ತಿ ನೆನಪಾಗುತ್ತೆ. ತಯಾರಾದದ್ದು ಮಾತ್ರ ಅಮೆರಿಕದ ಓಹಾಯೋ ರಾಜ್ಯದಲ್ಲಿ! ಮುತ್ತುರಾಜ್ ರಾಜ್‌ಕುಮಾರ್ ಆಗಲಿಲ್ಲವೇ, ಸಂಪತ್ ಕುಮಾರ್ ವಿಷ್ಣುವರ್ಧನ್ ಆಗಲಿಲ್ಲವೇ ಅಂತೀರಾ? ಆದರು ನಿಜ, ಆದರೆ ಅವರು ಯಾರೂ 'ನಾನು ಜಪಾನಿನವನು' ಅನ್ನೋ ಭ್ರಮೆ ಹುಟ್ಟಿಸಲಿಲ್ಲ.

ನಾಲ್ಕನೇ ರೀಲು ನಿಮಗೆಲ್ಲ ಚೆನ್ನಾಗಿ ಗೊತ್ತಿರೋ ಹೌಸ್‌ಫುಲ್ ಬೋರ್ಡು. 'ಆಪರೇಟರುಗಳು ಕಾಯುತ್ತಿದ್ದಾರೆ, ಈಗಲೇ ಫೋನ್ ಮಾಡಿ' ಅನ್ನೋದು ಅಮೆರಿಕದಲ್ಲಿ ಹಳೇ ಮಾತು. ಒಬ್ಬ ಬರಹಗಾರ್ತಿ ಅದನ್ನು 'ಆಪರೇಟರುಗಳು ಬಿಡುವಿಲ್ಲದಿದ್ದರೆ ಮತ್ತೆ ಫೋನ್ ಮಾಡಿ' ಎಂದು ತಿದ್ದಿದಳು. ಆರ್ಡರುಗಳು ಜಿಗಿದವು! ಯಾಕೆ ಗೊತ್ತಾ? ಕಾಯ್ತಾ ಕೂತಿದ್ದಾರೆ ಅಂದ್ರೆ ಯಾರೂ ಕೊಳ್ತಿಲ್ಲ. ಬಿಡುವಿಲ್ಲ ಅಂದ್ರೆ ಜನ ಮುಗಿಬಿದ್ದಿದ್ದಾರೆ. ಖಾಲಿ ಕೌಂಟರ್ ನೋಡಿ ಮುಂದೆ ಹೋಗೋ ನಾವೇ ಹೌಸ್‌ಫುಲ್ ನೋಡಿ ಬ್ಲ್ಯಾಕ್ ಟಿಕೆಟ್ ಹುಡುಕೋದಿಲ್ವೇ? ಪರದೆಯ ಮೂಲೆಯಲ್ಲಿ ಓಡೋ ಗಡಿಯಾರಕ್ಕೂ ಅದೇ ಕೆಲಸ. ಇವತ್ತು ಮುಗಿದ ಹತ್ತು ನಿಮಿಷ ನಾಳೆ ರಾತ್ರಿ ಮತ್ತೆ ಹತ್ತರಿಂದಲೇ ಶುರು!

ಇಷ್ಟರಲ್ಲಿ ಮೋಸ ಎಲ್ಲಿದೆ ಗುರುವೇ ಅಂತ ಕೇಳಬಹುದು. ಒಳ್ಳೇ ಪ್ರಶ್ನೆ. ಮಾತಿನ ಚಮತ್ಕಾರವೇ ಮೋಸ ಅಂತ ನಾನು ಹೇಳೋದಿಲ್ಲ. ಕೋಳಿ ಬೆಂದದ್ದು ಕಣ್ಣಿಗೆ ಕಾಣುತ್ತೆ. ಟೊಮ್ಯಾಟೊ ಒಂದೇ ಶಾಟಿನಲ್ಲಿ ಎರಡು ಹೋಳಾಗುತ್ತೆ. ಆದರೆ ಬೋಳು ತಲೆಯಲ್ಲಿ ಕೂದಲು ಬೆಳೆಯೋದನ್ನು ಒಂದೇ ಶಾಟಿನಲ್ಲಿ ತೋರಿಸಿ ನೋಡೋಣ? ಕುಳ್ಳನೊಬ್ಬ ಉದ್ದವಾಗೋದನ್ನು? ಆಗೋದಿಲ್ಲ. ಅಲ್ಲಿ ಕಟ್ ಬೇಕೇ ಬೇಕು.

ಕಟ್ಟಿನ ಮಹಿಮೆ ಚಿತ್ರಪ್ರೇಮಿಗಳಿಗೆ ಹೇಳಿಕೊಡಬೇಕೇ? ಪುಟ್ಟ ಹುಡುಗ ರೈಲು ಹಳಿ ಮೇಲೆ ಓಡ್ತಾನೆ, ಓಡ್ತಾನೆ, ಕ್ಯಾಮೆರಾ ಕಾಲಿನ ಮೇಲೆ. ಕಟ್! ಮೇಲೆ ನೋಡಿದರೆ ಮೀಸೆ ಹೊತ್ತ ಹೀರೋ! ಶಿಳ್ಳೆ ಹೊಡೀತೀವಿ. ಹುಡುಗ ಬೇರೆ, ಹೀರೋ ಬೇರೆ ಅಂತ ನಮಗೂ ಗೊತ್ತು, ನಿರ್ದೇಶಕರಿಗೂ ಗೊತ್ತು. 'ಮೊದಲು' ಮತ್ತು 'ಆಮೇಲೆ' ಅನ್ನೋ ಎರಡು ಫೋಟೋ ನಡುವೆ ಇರೋದೂ ಅದೇ ಕಟ್ಟು. ಮೊದಲನೆಯದರಲ್ಲಿ ನೆತ್ತಿ ಮೇಲೆ ಲೈಟು, ಬಾಗಿದ ಬೆನ್ನು, ಉಬ್ಬಿಸಿದ ಹೊಟ್ಟೆ. ಎರಡನೆಯದರಲ್ಲಿ ಪಕ್ಕದಿಂದ ಲೈಟು, ಎಳೆದುಕೊಂಡ ಉಸಿರು, ಮುಂದೆ ತಂದ ಎದೆ. ಅದಕ್ಕೆ ಔಷಧಿ ಬೇಡ ಸ್ವಾಮಿ, ಮೇಕಪ್‌ಮ್ಯಾನ್ ಸಾಕು!

ನನಗೆ ಬರುವ ಪತ್ರಗಳಲ್ಲಿ ಒಂದು ಮಾತ್ರ ನಗು ತರಿಸಲಿಲ್ಲ. ಬರೆದವರಿಗೆ ಇಪ್ಪತ್ತೆರಡು ವಯಸ್ಸು, ಹೆಸರು ಬೇಡ ಎಂದಿದ್ದಾರೆ. ಪೊಲೀಸ್ ಕೆಲಸದ ಆಸೆ, ಎತ್ತರ ಸ್ವಲ್ಪ ಕಮ್ಮಿ. ಟಿ.ವಿ.ಯಲ್ಲಿ ನೋಡಿ ಎತ್ತರ ಬೆಳೆಸೋ ಪುಡಿ ತರಿಸಿದರು. ಡಬ್ಬ ಮುಗಿಯೋ ಹೊತ್ತಿಗೆ ಫೋನ್ ಬಂತು: 'ನಿಮ್ಮ ದೇಹಕ್ಕೆ ಇನ್ನೊಂದು ಕೋರ್ಸ್ ಬೇಕು ಸರ್.' ಹೀಗೆ ಮೂರು ಸಲ. ಗ್ಯಾರೇಜಿನಲ್ಲಿ ದುಡಿದ ದುಡ್ಡು. ಮನೆಯಲ್ಲಿ ಹೇಳೋಕೆ ನಾಚಿಕೆ. 'ನನ್ನಲ್ಲೇ ಏನೋ ದೋಷ ಇರಬೇಕಾ ಸಾರ್?' ಅಂತ ಕೇಳಿದ್ದಾರೆ.

ತಮ್ಮಾ, ನಿನ್ನಲ್ಲಿ ದೋಷ ಇಲ್ಲ. ಹದಿಹರೆಯ ಮುಗಿಯುವ ಹೊತ್ತಿಗೆ ಮೂಳೆ ಬೆಳೆಯುವ ತುದಿಗಳು ಕೂಡಿಕೊಂಡು ಗಟ್ಟಿಯಾಗುತ್ತವೆ. ಆಮೇಲೆ ಯಾವ ಪುಡಿಯೂ ಅವನ್ನು ಉದ್ದ ಮಾಡಲಾರದು. ಅವರ ಬಂಡವಾಳ ಪುಡಿಯಲ್ಲ, ನಿನ್ನ ನಾಚಿಕೆ! ಮಿಕ್ಸಿ ಕೆಟ್ಟರೆ ಜನ ಅಂಗಡಿ ಮುಂದೆ ನಿಂತು ಜಗಳ ಆಡ್ತಾರೆ. ಎತ್ತರ, ಕೂದಲು, ಗಂಡಸುತನ ಅಂದ್ರೆ ಬಾಯಿ ಮುಚ್ಚಿಕೊಂಡು ಕೂರ್ತಾರೆ. ಅದಕ್ಕೇ ಅಂಥ ಸರಕನ್ನೇ ಆರಿಸಿ ಮಾರ್ತಾರೆ.

ಬಾಯಿ ಬಿಟ್ಟರೆ ಏನಾಗುತ್ತೆ? ಅಮೆರಿಕದ ಕೆವಿನ್ ಟ್ರೂಡೋನನ್ನು ಕೇಳಿ. ತೂಕ ಇಳಿಸೋ ಪುಸ್ತಕವನ್ನು 'ಮನೆಯಲ್ಲೇ ಮಾಡೋ ಸುಲಭ ವಿಧಾನ' ಎಂದು ಟಿ.ವಿ.ಯಲ್ಲಿ ಮಾರಿದ. ತೆರೆದು ನೋಡಿದರೆ ಒಳಗೆ ಹಾರ್ಮೋನ್ ಇಂಜೆಕ್ಷನ್, ದಿನಕ್ಕೆ 500 ಕ್ಯಾಲೊರಿಯ ಅರೆಹೊಟ್ಟೆ ಊಟ! ಸುಳ್ಳು ಹೇಳಿ ಮಾರಬಾರದು ಅನ್ನೋ ಕೋರ್ಟಿನ ಆದೇಶವನ್ನೇ ಮುರಿದದ್ದಕ್ಕೆ 2014ರಲ್ಲಿ 10 ವರ್ಷ ಜೈಲು ಶಿಕ್ಷೆಯಾಯಿತು. ಕ್ಲೈಮ್ಯಾಕ್ಸ್ ಅಂದ್ರೆ ಅದು.

ನಮ್ಮಲ್ಲೂ ಕಾನೂನಿಗೆ ಕೊರತೆಯಿಲ್ಲ. ಎತ್ತರ, ಬೊಜ್ಜು, ಗಂಡಸುತನದ ಔಷಧಿ ಎಂದು ಜಾಹೀರಾತು ಮಾಡೋದಕ್ಕೆ 1954ರ ಕಾಯಿದೆಯಲ್ಲೇ ತಡೆ ಇದೆ. ಪವಾಡದ ಯಂತ್ರಗಳನ್ನು ಟಿ.ವಿ.ಯಲ್ಲಿ ಮಾರೋದು ಕಾನೂನುಬಾಹಿರ ಎಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ ತೀರ್ಪು ಕೊಟ್ಟಿತು. 2019ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ, ದಾರಿ ತಪ್ಪಿಸೋ ಜಾಹೀರಾತಿನಲ್ಲಿ ಶಿಫಾರಸು ಮಾಡಿದ ತಾರೆಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಆದ್ದರಿಂದ ನಿಮ್ಮ ಆರಾಧ್ಯ ದೈವವೇ ಬಂದು ಹೇಳಿದರೂ, ಅದು ಯಾರೋ ಬರೆದುಕೊಟ್ಟ ಡೈಲಾಗ್ ಅನ್ನೋದು ನೆನಪಿರಲಿ. ಕೈಸುಟ್ಟುಕೊಂಡಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಾಚಿಕೆ ಬೇಡ.

ಇನ್ನು ನಮ್ಮ ಟಿ.ವಿ.ಯಲ್ಲಿ ಬಿಳಿ ದೊರೆಸಾನಿಯರು ಹಿಂದಿ ಮಾತಾಡುತ್ತಿದ್ದ ಕಾಲ ಹಳೇದಾಯಿತು. ತುಟಿ ಒಂದು ಕಡೆ, ಮಾತು ಒಂದು ಕಡೆ! ಈಗ ಅದೇ ಚಿತ್ರಕಥೆ ಮೊಬೈಲಿನಲ್ಲಿ ಅರ್ಧ ನಿಮಿಷಕ್ಕೆ ಇಳಿದಿದೆ. ಕೊರತೆ, ಎಂಟ್ರಿ, 'ಇನ್ನೂ ಇದೆ', ಹೌಸ್‌ಫುಲ್, ನಾಲ್ಕೂ ರೀಲು ಹಾಗೇ ಇವೆ.

ಅದಕ್ಕೇ ನನ್ನ ಸಲಹೆ ಇಷ್ಟು. ಮುಂದಿನ ಸಲ ಕಣ್ಣಿಗೆ ಬಿದ್ದಾಗ ಸೌಂಡ್ ಪೂರ್ತಿ ಕಮ್ಮಿ ಮಾಡಿ. ಎಡಿಟರ್ ಪಕ್ಕ ಕೂತವರ ಹಾಗೆ ನೋಡಿ, ಅವರು ಹೇಳಿದ್ದು ಕಟ್ ಇಲ್ಲದ ಒಂದೇ ಶಾಟಿನಲ್ಲಿ ನಡೀತಾ? ನಡೆದರೆ ಬೆಳಗಾಗೋತನಕ ಕಾಯಿರಿ, ಪೇಟೆಯಲ್ಲಿ ಅದೇ ಸಾಮಾನಿಗೆ ಏನು ಬೆಲೆ ವಿಚಾರಿಸಿ, ಆಮೇಲೆ ಕೊಳ್ಳಿ. ನಡೀಲಿಲ್ಲವೋ, ಆ ದುಡ್ಡಿನಲ್ಲಿ ನಾಲ್ಕು ಜನ ಸ್ನೇಹಿತರನ್ನು ಕರೆದುಕೊಂಡು ಒಂದು ಒಳ್ಳೇ ಕನ್ನಡ ಚಿತ್ರ ನೋಡಿ ಬನ್ನಿ. ಅಲ್ಲಿ ಕಟ್ಟಿಗೆ ಶಿಳ್ಳೆ ಹೊಡೆದರೂ ನಷ್ಟವಿಲ್ಲ.

ಬರುವ ವಾರ ಸಿಗೋಣ.